ರಾಯಚೂರ ಮಾವಿನಕೆರೆಯೂ ಎಡೆದೊರೆಯ ಊರಬಾಳುವೆಯೂ

ಕೃಷ್ಣೆ ತುಂಗಭದ್ರೆಗಳ ನಡುವಣ ಸೀಮೆಗೆ ಪುರಾತನ ಶಾಸನಗಳಲ್ಲಿ ಎಡೆದೊರೆ ಎರಡುಸಾಸಿರವೆಂಬ ಹೆಸರು ಕಂಡುಬರುವದು. ಎಡೆಯೆಂದರೆ ನಡು, ತೊರೆಯೆಂದರೆ ಹೊಳೆ. ರಾಯಚೂರು, ಮಾನವಿ, ದೇವದುರ್ಗಗಳು ಈ ಸೀಮೆಯ ಪೂರ್ವಭಾಗದಲ್ಲಿರುವವು. ಎರಡು ಮಹಾನದಿಗಳು ಎರಡು ಪಕ್ಕಗಳಲ್ಲಿ ಹರಿಯುತ್ತಿದ್ದರೂ ಇಲ್ಲಿಯ ಒಕ್ಕಲಿಗನು ತಲೆತಲಾಂತರದಿಂದ ಮುಗಿಲಿನ ಕಡೆಗೇ ಮೋರೆಯೆತ್ತಿ ಕೂಡ್ರಬೇಕಾಗಿತ್ತು. ಹೊಳೆಗಳ ಪಾತ್ರವು ಹೊಲಗಳ ಮಟ್ಟಕ್ಕಿಂತ ಬಹಳ ತಗ್ಗಿನಲ್ಲಿರುವದೇ ಇದಕ್ಕೆ ಕಾರಣ. ಮಳೆಯೋ ವರ್ಷಕ್ಕೆ ಸರಾಸರಿ 25 ಅಂಗುಲಗಳ ಆಚೀಚೆ. ಅದರ ದೊಡ್ಡ ಪಾಲು ಸೆಪ್ಟೆಂಬರದ ಸುಮಾರಿಗೆ ಬೀಳುವದು. ಬಿದ್ದ ನೀರನ್ನು ತಡೆದು ನಿಲ್ಲಿಸಿಕೊಳ್ಳದ ಊರು ಮುಂದಿನ ಬೇಸಿಗೆಯಲ್ಲಿ ಬಾಳುವದು ಕಷ್ಟ. ಆದುದರಿಂದ ಈ ಸೀಮೆಯ ಊರುಗಳ ಚರಿತ್ರೆಯನ್ನು ಕೆರೆಯ ಒಡ್ಡಿನ ಮೇಲೆ ನಿಂತು ನೋಡುವದು ಲೇಸು.

ರಾಯಚೂರ ಕೋಟೆಯ ಕಲ್ಲುಗೋಡೆಯು ಕಾಕತೀಯರ ಕಾಲದಲ್ಲಿ 1294ನೆಯ ಇಸವಿಯಲ್ಲಿ ಕಟ್ಟಲ್ಪಟ್ಟಿತೆಂದು, ಆ ಗೋಡೆಯಲ್ಲಿಯೇ ಕೂಡ್ರಿಸಿದ ಸುಮಾರು 41 ಅಡಿ ಉದ್ದದ ಬಂಡೆಯ ಮೇಲಿನ ಶಾಸನದಿಂದ ತಿಳಿಯುವದು. ಬಂಡೆಯನ್ನು ಬಂಡಿಯ ಮೇಲೇರಿಸಿ ತಂದ ಬಗೆಯನ್ನು ತೋರಿಸುವ ಗೆರೆಚಿತ್ರವೂ ಅಲ್ಲಿ ಕೊರೆಯಲ್ಪಟ್ಟಿದೆ. ಹೂಡಿದ ಪಶುಗಳ ಉದ್ದನೆಯ ಸಾಲನ್ನೂ ದುಡಿಯುವ ಆಳುಗಳನ್ನೂ ಅದರಲ್ಲಿ ಕಾಣಬಹುದು. ಅಷ್ಟು ಜನಕ್ಕೂ ಅಷ್ಟು ದನಕ್ಕೂ ಕುಡಿಯಲು ನೀರೆಲ್ಲಿಯದೆಂಬ ಪ್ರಶ್ನೆಯನ್ನು ಶಾಸನವನ್ನೋದುವವರು ಸಾಮಾನ್ಯವಾಗಿ ಕೇಳುವದಿಲ್ಲ. 1520ರಲ್ಲಿ ಕೃಷ್ಣದೇವರಾಯನು ಆದಿಲಶಾಹಿಯವರಿಂದ ಈ ಕೋಟೆಯನ್ನು ಗೆದ್ದ ದಂಡಯಾತ್ರೆಯನ್ನು ಬಣ್ಣಿಸಿದ ಪೋರ್ತುಗೀಜ ನುನೀಜನಾದರೋ ಇದನ್ನು ಮರೆತಿಲ್ಲ. ಬಾಯಾರಿದವರಿಗೆ ಕೊಡುವದಕ್ಕಾಗಿ ತೊಗಲಿನ ಚೀಲಗಳಲ್ಲಿ ನೀರು ಹೊತ್ತ ಆಳುಗಳು ದಂಡಿನೊಡನೆ ಇದ್ದರೆಂದು ಆತನು ಬರೆದಿರುವನು.

ಕೋಟೆಯ ಗುಡ್ಡದ ಬಳಿಯಲ್ಲಿರುವ ಕೆರೆಗೆ ಮಾವಿನಕೆರೆಯೆಂದು ಹೆಸರು. ಉರ್ದು ಮಾತಾಡುವವರು ಅದನ್ನು ಆಮ್ ತಲಾಬ್ ಎನ್ನುವರು. ಇಲ್ಲಿ ಒಂದು ಸ್ವಾರಸ್ಯವುಂಟು. ‘ಆಮ್’ ಎಂಬದಕ್ಕೆ ಆ ಭಾಷೆಯಲ್ಲಿ ಬರಹದ ಭೇದದಿಂದ ಎರಡರ್ಥಗಳಿರುವವು: ಒಂದು ಮಾವು, ಇನ್ನೊಂದು ಸರ್ವಸಾಮಾನ್ಯರದು. ಅದೇ ಊರಿನಲ್ಲಿ ಖಾಸಬಾವಿಯೆಂಬ ದೊಡ್ಡ ಬಾವಿಯೊಂದಿದೆ. ‘ಖಾಸ್’ ಎಂದರೆ ವಿಶೇಷದ್ದು, ಅರಮನೆಯವರದು. ಬಾವಿಯು ಖಾಸ್ ಆಗಿದ್ದರೆ ಕೆರೆಯು ಆಮ್, ಅಂದರೆ ಹತ್ತೂ ಸಮಸ್ತರದು, ಆಗಿದ್ದಿರಬಹುದಲ್ಲವೆ? ಮಾವಿನ ತೋಪಿನಿಂದಲೇ ಹೆಸರು ಬಂದಿತೆನ್ನುವವರ ಮಾತನ್ನು ಅಲ್ಲಗಳೆಯುವಂತಿಲ್ಲ. ಹೆಸರು ಹೇಗೇ ಬಂದಿರಲಿ, ಕೆರೆಯು ಹತ್ತು ಸಮಸ್ತರದಾಗಿಯೇ ಬಾಳಿತು.

ಎರಡು ಹೊಳೆಗಳ ನಡುವಣ ನಾಡಿನಲ್ಲಿ, ದಕ್ಷಿಣದ ಮೈಸೂರು ಸೀಮೆಯಂತೆ, ಕೆರೆಗಳ ಸರಪಣಿ ಏಕೆ ಬೆಳೆಯಲಿಲ್ಲವೆಂಬದು ವಿಚಾರಮಾಡತಕ್ಕ ವಿಷಯ. ನೆಲದ ಗುಣವು ಒಂದು ಕಾರಣ. ಎರೆಭೂಮಿಯು ಬೇಸಿಗೆಯಲ್ಲಿ ಬಾಯ್ದೆರೆದು ಬಿರಿಯುವದು. ಅಂಥ ಮಣ್ಣಿನ ಒಡ್ಡಿಗೆ ಪ್ರತಿವರ್ಷವೂ ಆರೈಕೆ ಬೇಕು. ಎರಡನೆಯ ಕಾರಣವನ್ನು ಒಂದು ಹಳೆಯ ಶಾಸನವೇ ಸೂಚಿಸುವದು. ವಿಜಯನಗರದ ರಾಜಕುಮಾರ ಭಾಸ್ಕರನು ಕಡಪಾ ಸೀಮೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ ಬಳಿ, 1369ರ ಆ ಶಾಸನದಲ್ಲಿ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಯ ಆರು ದೋಷಗಳನ್ನೂ ಎಣಿಸಲಾಗಿದೆ. ಒಡ್ಡಿನಿಂದ ನೀರು ಜಿನುಗುವದು, ಸವುಳು ನೆಲ, ನಡುವೆ ದಿಬ್ಬವಿರುವದು ಇವು ಯಾರಿಗಾದರೂ ಹೊಳೆಯತಕ್ಕ ದೋಷಗಳು. ಆದರೆ ಎರಡು ರಾಜ್ಯಗಳ ಗಡಿಯಲ್ಲಿರುವದೂ ಒಂದು ದೋಷವೆಂದು ಅಲ್ಲಿ ಹೇಳಿದೆ. ಈ ಮಾತನ್ನು ಓದುವಾಗ ಎಡೆದೊರೆಯು ನೆನಪಾಗದೆ ಇರದು. ಮೊದಲು ಬಹಮನಿಗಳೂ ಆ ಮೇಲೆ ಆದಿಲಶಾಹಿಗಳೂ ವಿಜಯನಗರದವರೊಡನೆ ಎರಡು ಶತಮಾನ ಇದೇ ಸೀಮೆಗಾಗಿ ಹೊಡೆದಾಡಿದರು. ಸುಗ್ಗಿಯನ್ನು ಯಾವ ಅರಸನ ದಂಡು ಒಯ್ಯುವದೆಂಬದೇ ತಿಳಿಯದಾಗ ಒಡ್ಡಿಗೆ ಮಣ್ಣು ಹಾಕುವವರಾರು? ಮುಂದೆ ನಿಜಾಮರ ಆಳಿಕೆ. ನಡುವೆ 1853ರಿಂದ 1860ರ ವರೆಗೆ ಇಂಗ್ಲಿಷರ ಆಡಳಿತ. 1956ರಲ್ಲಿ ಕನ್ನಡ ನಾಡಿನೊಡನೆ ಏಕೀಕರಣ. ದೇವದುರ್ಗವು ಬೇಡ ನಾಯಕರ ಬಲವಾದ ಠಾಣ್ಯವಾಗಿತ್ತು.

ಇಷ್ಟಾದರೂ ಇದ್ದ ಕೆರೆಗಳನ್ನು ಉಳಿಸಿದವರು ಊರವರೇ. ತೂಬು ಕಾಯುವ ಆಳಿಗೆ ರಾಶಿಯ ಕಾಲದಲ್ಲಿ ಕಣದಲ್ಲಿಯೇ ಕಾಳು ಅಳೆದು ಕೊಡುವದು ಬಡಿಗ, ಕಂಬಾರರ ಆಯದಂತೆಯೇ ಒಂದು ಕಟ್ಟಳೆಯಾಗಿತ್ತು. ಹಬ್ಬಗಳೂ ಕೆರೆಯನ್ನು ಬಿಟ್ಟಿರಲಿಲ್ಲ. ಕಾರಹುಣ್ಣಿವೆಗೆ ಎತ್ತುಗಳ ಮೈ ತೊಳೆಯುವದು ಕೆರೆಯಲ್ಲಿ. ಅದಾದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರಲು ಮಕ್ಕಳು ಎತ್ತು ಮಾಡಲು ಜಿಗಟು ಮಣ್ಣು ತರುವದೂ ಕೆರೆಯಂಗಳದಿಂದಲೇ. ರಾಯಚೂರಿನಲ್ಲಿ ಕಾರಹುಣ್ಣಿವೆಯ ಸಮಯದಲ್ಲಿ ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಹಬ್ಬದಲ್ಲಿ ಭಾರದ ಕಲ್ಲೆಳೆಯುವ ಎತ್ತುಗಳ ಪಂದ್ಯವಾಗುವದು. ಕೋಟೆಯ ಗೋಡೆಯ ಗೆರೆಚಿತ್ರವನ್ನು ಕಂಡವರಿಗೆ ಈ ಪಂದ್ಯವು ಹೊಸದೆನಿಸದು. ಮೊಹರಮ್ಮಿನಲ್ಲಿ ಹಿಂದು ಮುಸಲ್ಮಾನರಿಬ್ಬರೂ ಕೂಡಿ ಅಲಾಯಿ ಹಾಡುವರು. ಹರಿಕಥಾಮೃತಸಾರದ ಜಗನ್ನಾಥದಾಸರು ಮಾನವಿಯಲ್ಲಿ ನೆಲಸಿದ್ದರು. ವಿಜಯದಾಸರ ಚೀಕಲಪರ್ವಿಯು ಮಾನವಿ ಸೀಮೆಯದು, ಗೋಪಾಲದಾಸರ ಮೊಸರಕಲ್ಲು ದೇವದುರ್ಗ ಸೀಮೆಯದು.

ಕೆರೆಯ ಮೇಲಿನ ಲಕ್ಷ್ಯವು ತಗ್ಗಿದ್ದು ನಾಲೆ ಬಂದ ಮೇಲೆ. ತುಂಗಭದ್ರಾ ಅಣೆಯ ಕೆಲಸಕ್ಕೆ 1945ರಲ್ಲಿ ಅಡಿಗಲ್ಲು ಹಾಕಲಾಯಿತು. 1953ರಲ್ಲಿ ನೀರು ಬಿಡಲಾಯಿತು. ಎಡದಂಡೆಯ ನಾಲೆಯು ಸಿಂಧನೂರನ್ನು ಹಾಯ್ದು ಮಾನವಿ, ರಾಯಚೂರುಗಳ ಕಡೆಗೆ ಬರುವದು. ದೇವದುರ್ಗದ ಕಡೆಗೆ ಕೃಷ್ಣೆಯ ನಾರಾಯಣಪುರ ಬಲದಂಡೆಯ ನಾಲೆಯಿದೆ. ನಾಲೆಯಿಂದಾದ ಉಪಕಾರವು ಸಣ್ಣದಲ್ಲ; ಜೋಳ, ಸಜ್ಜೆಗಳ ಸೀಮೆಯಲ್ಲಿ ಭತ್ತ ಬೆಳೆಯಿತು. ಆದರೆ ಭತ್ತವು ಮೇಲುಭಾಗದಲ್ಲಿಯೇ ನೀರನ್ನೆಲ್ಲ ಕುಡಿಯುತ್ತಿರುವದರಿಂದ ಮಾನವಿ ರಾಯಚೂರುಗಳ ಕೊನೆಯ ಭಾಗದ ರೈತನು ಕಾಲುವೆಯಿದ್ದೂ ನೀರಿಗೆ ಕಾಯುವನು. ರಾಯಚೂರ ಪಟ್ಟಣದ ಕುಡಿಯುವ ನೀರೂ ಬಹುಮಟ್ಟಿಗೆ ಇದೇ ನಾಲೆಯನ್ನು ನೆಚ್ಚಿರುವದು. ಪಟ್ಟಣದವರು ಮಾವಿನಕೆರೆಯಿಂದ ಕೊಡ ತುಂಬುವದನ್ನು ಬಿಟ್ಟೊಡನೆ ಅದರೊಳಗೆ ಬಚ್ಚಲ ನೀರು ಸೇರಿತು, ಅಂಚುಗಳು ಒತ್ತುವರಿಯಾದವು, ಕೆರೆಯು ಕಿರಿದಾಯಿತು. ಕೆರೆಯಂಗಳದ ಒತ್ತುವರಿಯನ್ನೂ ಹೊಲಸು ಹಾಕುವದನ್ನೂ ತಡೆಯಲು 2014ರಲ್ಲಿ ರಾಜ್ಯವು ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆಯನ್ನು ಮಾಡಿದೆ.

ಹೂಳು ತುಂಬಿದರೆ ನಷ್ಟವೆಷ್ಟೆಂಬದನ್ನು ರೈತರು ಲೆಕ್ಕಹಾಕಿ ನೋಡಬೇಕು. ಈ ಸೀಮೆಯ ಬೇಸಿಗೆಯಲ್ಲಿ ಕೆರೆಯ ಮೇಲುಮೈಯಿಂದ ದಿನಕ್ಕೆ ಕಾಲು ಅಂಗುಲಕ್ಕೆ ಕಡಿಮೆಯಿಲ್ಲದೆ ನೀರು ಆವಿಯಾಗಿ ಹೋಗುವದು. ನೂರು ದಿನಕ್ಕೆ 25 ಅಂಗುಲ, ಅಂದರೆ ಎರಡಡಿಗೆ ಮಿಕ್ಕು. ವರ್ಷವಿಡೀ ಮುಗಿಲು ಕೊಟ್ಟಷ್ಟೇ ದಪ್ಪದ ನೀರು. ಹತ್ತು ಅಡಿ ಆಳದ ಕೆರೆಯಾದರೆ ಇದರಿಂದ ಐದನೆಯ ಒಂದು ಪಾಲು ಹೋಗಿ ಎಂಟಡಿಯಷ್ಟು ಉಳಿಯುವದು. ಹೂಳಿನಿಂದ ಮೂರಡಿಗಿಳಿದ ಕೆರೆಯಲ್ಲಿ ಒಂದಡಿ ರಾಡಿ ಮಾತ್ರ ಉಳಿದು, ದನಗಳು ಅದರಲ್ಲಿ ಹೂತುಕೊಳ್ಳುವವು. ಆಗ ಕೆರೆಯನ್ನು ಅಗಲ ಮಾಡಿದರೆ ಪ್ರಯೋಜನವಿಲ್ಲ, ಆಳ ಮಾಡಬೇಕು.

ತೆಗೆದ ಹೂಳನ್ನು ಒಡ್ಡಿನ ಮಗ್ಗುಲಲ್ಲಿಯೇ ರಾಶಿಹಾಕಿದರೆ ಮೊದಲ ದೊಡ್ಡ ಮಳೆಗೆ ಅದು ಮರಳಿ ಕೆರೆಗಿಳಿಯುವದು. ಅದನ್ನು ಮಸಾರಿ ಹೊಲಗಳಿಗೆ ಸಾಗಿಸತಕ್ಕದ್ದು. ಮಸಾರಿಯು ನೀರು ಹಿಡಿಯದ ನೆಲ. ಹೂಳಿನ ಜಿಗಟು ಮಣ್ಣು ಬೆರೆತರೆ ಹಸಿಯು ಹೆಚ್ಚು ದಿನ ನಿಲ್ಲುವದು, ಶೇಂಗಾ ಸಜ್ಜೆಗಳಿಗೆ ಎರಡು ಮಳೆಗಳ ನಡುವಣ ಬಿಡುವನ್ನು ತಾಳುವ ಶಕ್ತಿ ಬರುವದು. ಬೇಸಿಗೆಯಲ್ಲಿ ಹೊಲದಲ್ಲಿ ಹರಡಿ, ಒಣಗಿ ಹೆಂಟೆಗಳು ಪುಡಿಯಾದ ಮೇಲೆ ಮುಂಗಾರಿಗೆ ಕುಂಟೆ ಹೊಡೆದು ಬೆರೆಸಬೇಕು. ಎರೆಭೂಮಿಗೆ ಇದರ ಅಗತ್ಯವಿಲ್ಲ. ಬಂಡಿಯ ಬಾಡಿಗೆ ದಂಡವಾದೀತು. ಮಾವಿನಕೆರೆಯಂತೆ ಪಟ್ಟಣದ ಬಚ್ಚಲ ನೀರು ಸೇರುವ ಕೆರೆಗಳ ಹೂಳನ್ನಂತೂ ಮಣ್ಣುಪರೀಕ್ಷೆಯಾಗದೆ ಯಾವ ಹೊಲಕ್ಕೂ ಹಾಕಕೂಡದು. ಲೋಹದ ಅಂಶಗಳು ಅದರಲ್ಲಿ ಸೇರಿರಬಹುದು. ಒಮ್ಮೆ ಹೊಲಕ್ಕೆ ಬಿದ್ದವನ್ನು ಆರಿಸಿ ತೆಗೆಯುವ ಉಪಾಯವಿಲ್ಲ. ಹಳ್ಳಿಯ ಕೆರೆಗಳಿಗೆ ಈ ಭಯವು ಕಡಿಮೆ. ಕೆಲಸವನ್ನು ಎಳ್ಳ ಅಮಾವಾಸ್ಯೆ ಕಳೆದು ನೀರು ಇಳಿಯತೊಡಗಿದಾಗ ಏರುಭಾಗದಿಂದ ಆರಂಭಿಸಿ, ತೂಬಿನ ಕಡೆಯದನ್ನು ಕೊನೆಗೆ ಇಟ್ಟುಕೊಂಡರೆ ದನಗಳ ನೀರಿಗೆ ಅಡ್ಡಿಯಾಗುವದಿಲ್ಲ.