ಸಾಲ ಸಿಕ್ಕರೆ ಸಾಲದು

1990ರ ದಶಕದ ಆರಂಭದಲ್ಲಿ ನಾನು ಚಿಕ್ಕೋಡಿ ಉಪವಿಭಾಗದಲ್ಲಿ ಸೇವೆಯಲ್ಲಿದ್ದೆ. ಸಮಗ್ರ ಗ್ರಾಮೀಣಾಭಿವೃದ್ಧಿ ಯೋಜನೆಯ ಪ್ರಗತಿ ಪರಿಶೀಲನೆ ನನ್ನ ಹೊಣೆಗಳಲ್ಲೊಂದಾಗಿತ್ತು. ಮಾರ್ಚ್ ಮುಗಿಯುವುದರೊಳಗೆ ಎಷ್ಟು ಎಮ್ಮೆ, ಎಷ್ಟು ಹೊಲಿಗೆ ಯಂತ್ರ ವಿತರಣೆಯಾದವು ಎಂಬುದೇ ಬಡತನ ನಿವಾರಣೆಗೆ ನಮ್ಮಲ್ಲಿದ್ದ ಅಳತೆಗೋಲು. ರಾಯಬಾಗ ಕಡೆಯ ಹಳ್ಳಿಯೊಂದರಲ್ಲಿ ಸಾಲದ ಎಮ್ಮೆಯನ್ನು ನಾಲ್ಕೇ ತಿಂಗಳಲ್ಲಿ ಮಾರಿದ್ದ ಮಹಿಳೆಯೊಬ್ಬರನ್ನು ಕಾರಣ ಕೇಳಿದೆ. ‘ಎಮ್ಮಿ ಕೊಟ್ರಿ ಸಾಹೇಬ್ರ, ಹಿಂಡಿಗೆ ರೊಕ್ಕ ಯಾರು ಕೊಡ್ತಾರ್ರಿ?’ ಎಂದರು. ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದಿದ್ದ ನನ್ನಲ್ಲಿ ಉತ್ತರವಿರಲಿಲ್ಲ. ಕಡತದಲ್ಲಿ ‘ಸಾಲದ ದುರುಪಯೋಗ’ ಎಂದು ಷರಾ ಬರೆದು ಮುಂದಿನ ಮನೆಗೆ ಹೋದೆ.

ಆ ನಂತರ ಕಿರುಸಾಲದ ರೂಪವೇ ಬದಲಾಯಿತು. 1992ರಲ್ಲಿ ನಬಾರ್ಡ್ ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯಕ್ರಮ ಆರಂಭಿಸಿತು. 2000ದಲ್ಲಿ ನಮ್ಮ ರಾಜ್ಯದಲ್ಲಿ ‘ಸ್ತ್ರೀಶಕ್ತಿ’ ಬಂತು. 2006ರಲ್ಲಿ ಬಾಂಗ್ಲಾದೇಶದ ಮುಹಮ್ಮದ್ ಯೂನುಸ್ ಮತ್ತು ಅವರ ಗ್ರಾಮೀಣ ಬ್ಯಾಂಕಿಗೆ ನೊಬೆಲ್ ಶಾಂತಿ ಪುರಸ್ಕಾರ ದೊರೆತಾಗ, ಬಡತನಕ್ಕೆ ಮದ್ದು ಸಿಕ್ಕಿತೆಂದೇ ಅನೇಕರು ಭಾವಿಸಿದರು. ಆದರೆ ಭಾರತವೂ ಸೇರಿದಂತೆ ಆರು ದೇಶಗಳಲ್ಲಿ ನಡೆದ ಅಧ್ಯಯನಗಳು 2015ರಲ್ಲಿ ಒಟ್ಟಾಗಿ ಪ್ರಕಟವಾದಾಗ ಸಿಕ್ಕ ಉತ್ತರ ಸಾಧಾರಣವಾಗಿತ್ತು. ಸಾಲ ದೊರೆತವರಲ್ಲಿ ಕೆಲವರ ವ್ಯಾಪಾರ ಬೆಳೆದಿತ್ತು. ಸಾಮಾನ್ಯ ಕುಟುಂಬದ ಆದಾಯದಲ್ಲಿ ಮಾತ್ರ ಹೇಳಿಕೊಳ್ಳುವಂಥ ಏರಿಕೆ ಕಂಡಿರಲಿಲ್ಲ. ಹೈದರಾಬಾದಿನ ಅಧ್ಯಯನ ನಡೆಸಿದವರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಇದ್ದರು. 2019ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಹೀಗೇಕಾಯಿತು? ನನ್ನ ಹಳೆಯ ಉಪವಿಭಾಗದ ತಾಲೂಕುಗಳನ್ನು ನೋಡಿದರೆ ಉತ್ತರ ಸ್ಪಷ್ಟವಾಗುತ್ತದೆ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಂಗಸಿಗೆ ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ಕೂಲಿ. ವಾರದ ಕಂತು ಅವಳ ಕೈಗೆ ಹೊಂದೀತು. ಆದರೆ ಯಾವ ಸಾಲವೂ ಆ ಸಾವಿರ ಬೀಡಿಯ ದರವನ್ನು ಹೆಚ್ಚಿಸಲಾರದು. ಕಾಗವಾಡ, ರಾಯಬಾಗ, ಚಿಕ್ಕೋಡಿಯ ಕಬ್ಬಿನ ರೈತನ ಪಾಡು ಬೇರೆ. ವರ್ಷವಿಡೀ ಬೆಳೆದ ಕಬ್ಬಿಗೆ ಬಿಲ್ಲು ಬರುವುದು ಕಾರ್ಖಾನೆ ನುರಿಸಿದ ಮೇಲೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನಗಳಲ್ಲಿ ಹಣ ಪಾವತಿಯಾಗಬೇಕು. ಎಷ್ಟೋ ಸಲ ತಿಂಗಳುಗಳೇ ಉರುಳುತ್ತವೆ. ಕಂತು ಕಾಯುವುದಿಲ್ಲ. 2005ರಲ್ಲಿ, ಮತ್ತೆ 2019ರಲ್ಲಿ ಕೃಷ್ಣೆ ಉಕ್ಕಿ ದಡದ ಊರುಗಳಿಗೆ ನುಗ್ಗಿದಳು. ನೆರೆ ಇಳಿದ ಮನೆಯ ವರಮಾನ ಎಷ್ಟೋ ದಿನ ನಿಂತೇಹೋಗುತ್ತದೆ, ಹಳೆಯ ಸಾಲ ಮಾತ್ರ ನಿಂತಲ್ಲೇ ಇರುತ್ತದೆ. ಆಗ ಒಂದು ಕಂತು ಕಟ್ಟಲು ಇನ್ನೊಂದು ಸಾಲ ಹುಟ್ಟುತ್ತದೆ.

ಹಾಗೆಂದು ಕಿರುಸಾಲ ನಿಷ್ಪ್ರಯೋಜಕವೆನ್ನುವುದೂ ಅನ್ಯಾಯ. ಅಥಣಿಯ ಚಪ್ಪಲಿ ಕುಶಲಕರ್ಮಿಗಳನ್ನು ನೋಡಿ. ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಮಾರಾಟವಾಗುವ ಚಪ್ಪಲಿಗಳಲ್ಲಿ ಇವರ ಕೈಕೆಲಸದ ಪಾಲೂ ಇದೆ. ಚರ್ಮಕ್ಕೂ ಮುಂಗಡಕ್ಕೂ ವ್ಯಾಪಾರಿಯ ಮುಂದೆ ಕೈಚಾಚಿದವನು ಅವನು ಹೇಳಿದ ಬೆಲೆಗೇ ಮಾಲು ಒಪ್ಪಿಸಬೇಕಿತ್ತು. 1990ರ ದಶಕದ ಕೊನೆಯಲ್ಲಿ ‘ಅಸೆಂಟ್’ ಸಂಸ್ಥೆ ಇಲ್ಲಿನ ಹೆಂಗಸರ ಸಂಘಗಳನ್ನು ಕಟ್ಟಿತು. ಉಳಿತಾಯ ಹಾಗೂ ಸಾಲದ ಜೊತೆಗೆ ವಿನ್ಯಾಸ, ಗುಣಮಟ್ಟ, ವಿದೇಶಿ ಮಾರುಕಟ್ಟೆಯನ್ನೂ ಜೋಡಿಸಿತು. ‘ಟೋ ಹೋಲ್ಡ್’ ಹುಟ್ಟಿದ್ದು ಹೀಗೆ. ಇಲ್ಲಿ ಸಾಲ ಕೆಲಸಕ್ಕೆ ಬಂದದ್ದು ಅದರೊಂದಿಗೆ ಮಾಲಿಗೆ ಗಿರಾಕಿಯೂ ಸಿಕ್ಕಿದ್ದರಿಂದ.

ಇನ್ನೊಂದು ನಿದರ್ಶನ ಘಟಪ್ರಭೆಯ ‘ಮಾಸ್’, ಅಂದರೆ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ. ಮಾಜಿ ದೇವದಾಸಿಯರೇ ಸೇರಿ ನಡೆಸುವ ಈ ಸಂಸ್ಥೆ ಮೈರಾಡ ಮತ್ತು ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ನೆರವಿನಿಂದ ಬೆಳೆಯಿತು. ಅದನ್ನು ಮುನ್ನಡೆಸಿದ ಚಿಕ್ಕೋಡಿ ತಾಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಸಂಘದಲ್ಲಿ ಕೂಡಿಟ್ಟ ಹಣ ತನ್ನದೆಂಬ ಧೈರ್ಯ, ಪೆಟ್ಟಿಗೆಯ ಲೆಕ್ಕ ಎಲ್ಲರಿಗೂ ಗೊತ್ತಿರುವ ವ್ಯವಸ್ಥೆ, ಕಷ್ಟ ಬಂದವಳ ಕಂತನ್ನು ಮುಂದೂಡುವ ಅಧಿಕಾರ: ಇವು ಇಂಥ ಸಂಘಗಳ ಬಲ. ಹೊರಗಿನಿಂದ ಬಂದು ಸಹಿ ಹಾಕಿಸಿಕೊಂಡು ವಾರಕ್ಕೊಮ್ಮೆ ಬಾಗಿಲು ತಟ್ಟುವ ವಸೂಲಿಗಾರನಲ್ಲಿ ಇವಾವುವೂ ಇಲ್ಲ.

2025ರ ಜನವರಿಯಲ್ಲಿ ವಸೂಲಿಯ ಕಿರುಕುಳದಿಂದ ಊರು ತೊರೆದವರ, ಜೀವ ಕಳೆದುಕೊಂಡವರ ಸುದ್ದಿಗಳು ರಾಜ್ಯದ ಹಲವೆಡೆಗಳಿಂದ ಬಂದವು. ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿತು. ಇದು ಅಗತ್ಯವಾಗಿತ್ತು. ಆದರೆ ಶಿಕ್ಷೆಯ ಭಯ ಕಿರುಕುಳವನ್ನು ತಡೆದೀತೇ ಹೊರತು ಆದಾಯವನ್ನು ಹುಟ್ಟಿಸಲಾರದು. ಸಣ್ಣ ಸಾಲದ ಬಾಗಿಲು ಪೂರ್ತಿ ಮುಚ್ಚಿದರೆ ಬಡವರು ಮರಳುವುದು ಮೀಟರ್ ಬಡ್ಡಿಯವನ ಮನೆಗೇ.

ಹಾಗಾದರೆ ಮಾಡಬೇಕಾದದ್ದೇನು? ಕುಟುಂಬದ ಎಲ್ಲ ಸಾಲಗಳ ಕಂತು ಮಾಸಿಕ ಆದಾಯದ ಅರ್ಧವನ್ನು ಮೀರಬಾರದು, ಸಾಲಗಾರರ ಅನುಕೂಲ ನೋಡಿ ಕಂತಿನ ಅವಧಿ ನಿಗದಿಯಾಗಬೇಕು ಎಂದು 2022ರ ರಿಸರ್ವ್ ಬ್ಯಾಂಕ್ ನಿರ್ದೇಶನಗಳೇ ಹೇಳುತ್ತವೆ. ಇವು ಹಳ್ಳಿಯ ಮಟ್ಟದಲ್ಲಿ ಪಾಲನೆಯಾಗುತ್ತಿವೆಯೇ ಎಂದು ಜಿಲ್ಲಾಡಳಿತ ಕೇಳಬೇಕು. ಕಬ್ಬಿನ ಮನೆಗೆ ಕಬ್ಬಿನ ಬಿಲ್ಲಿನ ಕಾಲಕ್ಕೆ ಕಂತು, ನೆರೆಪೀಡಿತರಿಗೆ ವಿನಾಯಿತಿ ದೊರೆಯಬೇಕು. ಕಾರ್ಖಾನೆಗಳ ಬಾಕಿಯನ್ನೂ ರೈತನ ಬಾಕಿಯಷ್ಟೇ ಕಟ್ಟುನಿಟ್ಟಾಗಿ ವಸೂಲು ಮಾಡಬೇಕು. ಸಂಘಗಳಿಗೆ ಸಾಲದ ಗುರಿಗಿಂತ ಮಾರುಕಟ್ಟೆಯ ನೆರವು ಮೊದಲು ಸಿಗಬೇಕು.

ಆ ಎಮ್ಮೆಯ ಕಡತ ಈಗ ಎಲ್ಲಿದೆಯೋ ತಿಳಿಯದು. ಕೈಗೆ ಸಿಕ್ಕರೆ ನನ್ನ ಷರಾವನ್ನು ತಿದ್ದಬೇಕೆಂದಿದ್ದೇನೆ: ‘ಸಾಲ ಕೊಡಲಾಗಿದೆ. ಹಿಂಡಿಯ ಬಗ್ಗೆ ಯಾರೂ ಯೋಚಿಸಿಲ್ಲ.’