ಶೆನ್‌ಜೆನ್‌ನಲ್ಲಿ ಎರಡೇ ಎರಡು ಮೋಟರ್

ಸೆಮಿಸ್ಟರ್ ರಜೆಯಲ್ಲಿ ಚೀನಾದ ಶೆನ್‌ಜೆನ್‌ಗೆ ಹೋಗಿದ್ದೆ. ಅಣ್ಣನಿಗೆ ಅಲ್ಲೇ ಕೆಲಸ. 1980ರಲ್ಲಿ ವಿಶೇಷ ಆರ್ಥಿಕ ವಲಯವಾದ ಮೇಲೆ ಬೆಳೆದ ಕರಾವಳಿ ನಗರವದು. ನನಗೆ ಬೇಕಿದ್ದದ್ದು ಪ್ರಾಜೆಕ್ಟ್‌ನ ರೋಬಾಟ್‌ಗೆ ಎರಡು ಮೋಟರ್, ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಆ ಅಳತೆಯದ್ದು ಸಿಕ್ಕಿರಲಿಲ್ಲ.

ಹುವಾಚಿಯಾಂಗ್‌ಬೇ ಮಾರುಕಟ್ಟೆಯಲ್ಲಿ ಮಹಡಿ ಮೇಲೆ ಮಹಡಿ ಎಲೆಕ್ಟ್ರಾನಿಕ್ಸ್. ಒಂದು ಅಂಗಡಿ ತುಂಬಾ ಬರೀ ಕನೆಕ್ಟರ್, ಪಕ್ಕದ್ದರಲ್ಲಿ ಬರೀ ಎಲ್‌ಇಡಿ. ಮೋಟರ್ ಮಾರುವಾಕೆಗೆ ಎರಡು ಬೆರಳು ತೋರಿಸಿದೆ. ಕ್ಯಾಲ್ಕ್ಯುಲೇಟರ್‌ನಲ್ಲಿ 2000 ಎಂದು ಒತ್ತಿ ತೋರಿಸಿದರು! ನಾನು ಸೊನ್ನೆಗಳನ್ನೆಲ್ಲ ಅಳಿಸಿದೆ. ನಕ್ಕು, ಎರಡನ್ನೇ ಕೊಟ್ಟರು. ಹಣ ಕೊಟ್ಟದ್ದು ಕ್ಯೂಆರ್ ಸ್ಕ್ಯಾನ್ ಮಾಡಿ, ನಮ್ಮೂರಿನಂತೆಯೇ.

ಊಟದ್ದೇ ಪಾಡು. ‘ವೋ ಚೀ ಸು’ (ನಾನು ಸಸ್ಯಾಹಾರಿ) ಎಂದು ಬಾಯಿಪಾಠ ಮಾಡಿದ್ದರೂ ತೋಫು ಮೇಲೆ ಕೊಚ್ಚಿದ ಹಂದಿಮಾಂಸ ಬಂತು. ಬಿಳಿ ಅನ್ನಕ್ಕೆ ಅಮ್ಮನ ಚಟ್ನಿಪುಡಿ ಕಲಸಿಕೊಂಡೆ.

ಕೊನೆಯ ಸಂಜೆ ಶೆನ್‌ಜೆನ್ ಕೊಲ್ಲಿಯ ದಂಡೆಗೆ ಹೋದೆವು. ಗಾಜಿನ ಕಟ್ಟಡಗಳ ಬುಡದಲ್ಲೇ ಕಾಂಡ್ಲಾ ಕಾಡು, ಎದುರು ದಡದಲ್ಲಿ ಹಾಂಗ್‌ಕಾಂಗ್. ಚಳಿಗಾಲಕ್ಕೆಂದು ಬಂದ ಕಪ್ಪು ಮೊಗದ ಚಮಚಕೊಕ್ಕಿನ ಹಕ್ಕಿಗಳು ಕೆಸರು ಕೆದಕುತ್ತಿದ್ದವು. ಕತ್ತಲಾದರೂ ಏಳಲು ಮನಸ್ಸಾಗಲಿಲ್ಲ.

ಊರಿಗೆ ಬಂದು ಜೋಡಿಸಿದೆ. ಒಂದು ಮೋಟರ್ ತಿರುಗಿತು, ಇನ್ನೊಂದು ಜಪ್ಪಯ್ಯ ಅನ್ನಲಿಲ್ಲ. ‘ಇಲ್ಲೇ ಟೆಸ್ಟ್ ಮಾಡಿ ಕೊಡಿ’ ಎನ್ನುವುದನ್ನು ಬಾಯಿಪಾಠ ಮಾಡಿರಲಿಲ್ಲ ನೋಡಿ. ರಿವ್ಯೂಗೆ ಹದಿನೈದು ದಿನವಿದೆ. ಅಣ್ಣನಿಗೆ ಮೆಸೇಜ್ ಹಾಕಿದ್ದೇನೆ.