ಒತ್ತು ತಪ್ಪಿದಾಗ

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿಗೆ ಇಂಗ್ಲೆಂಡಿನಿಂದ ಅತಿಥಿಯೊಬ್ಬರು ಬಂದಿದ್ದರು. ನನ್ನ ಶಿಷ್ಯನೊಬ್ಬ ತನ್ನ ಹವ್ಯಾಸ ‘ಫೋಟೋಗ್ರಾಫಿ’ ಎಂದು ಮೂರು ಸಲ ಹೇಳಿದರೂ ಅವರಿಗೆ ತಿಳಿಯಲಿಲ್ಲ. ಬರೆದು ತೋರಿಸಿದಾಗ “ಓ, ಫಟಾಗ್ರಫಿ!” ಎಂದು ನಕ್ಕರು. ಹುಡುಗನ ಮುಖ ಬಾಡಿತು. ಒಂದಕ್ಷರವನ್ನೂ ನುಂಗದೆ ನುಡಿದವನು ತಪ್ಪಿದ್ದೆಲ್ಲಿ?

ಕನ್ನಡದಲ್ಲಿ ಪದದಿಂದ ಪದವನ್ನು ಬೇರ್ಪಡಿಸುವುದು ಉಚ್ಚಾರಣೆಯ ಒತ್ತಲ್ಲ, ಅಳತೆ. ‘ಬಳೆ’ಯ ಮೊದಲ ಸ್ವರವನ್ನು ಎಳೆದರೆ ‘ಬಾಳೆ’. ‘ಕತೆ’ಯ ತಕಾರ ಇಮ್ಮಡಿಸಿದರೆ ‘ಕತ್ತೆ’. ಆದರೆ ಯಾವ ಅಕ್ಷರವನ್ನು ಒತ್ತಿ ನುಡಿದರೂ ಬಳೆ ಬಳೆಯೇ. ಪ್ರತಿಯೊಂದು ಅಕ್ಷರಕ್ಕೂ ಅದರ ಪಾಲನ್ನು ಸಲ್ಲಿಸುವುದು ನಮ್ಮ ನಾಲಗೆಯ ಧರ್ಮ.

ಇಂಗ್ಲಿಷಿನ ಧರ್ಮ ಬೇರೆ. ಅಲ್ಲಿ ಒತ್ತು ಬಿದ್ದ ಸ್ವರ ಪೂರ್ಣವಾಗಿ ಅರಳುತ್ತದೆ. ಒತ್ತಿಲ್ಲದ್ದು ಬಹುಮಟ್ಟಿಗೆ ಮಸುಕಾದ ಅಕಾರವಾಗಿ ಕುಗ್ಗುತ್ತದೆ. ‘ಫೋಟಗ್ರಾಫ್’ನಲ್ಲಿ ಒತ್ತು ಮೊದಲಲ್ಲಿರುವುದರಿಂದ ಅಲ್ಲಿನ ಓಕಾರ ಸ್ಪಷ್ಟ, ‘ಫಟಾಗ್ರಫಿ’ಯಲ್ಲಿ ಒತ್ತು ಮುಂದಕ್ಕೆ ಸರಿದೊಡನೆ ಅದೇ ಓಕಾರ ಮಾಯ. ಮೊದಲಲ್ಲಿ ಒತ್ತಿದ ‘ರೆಕಾರ್ಡ್’ ದಾಖಲೆ. ಕೊನೆಯಲ್ಲಿ ಒತ್ತಿದ ‘ರಿಕಾರ್ಡ್’ ದಾಖಲಿಸು. ಬರೆಹ ಎರಡಕ್ಕೂ ಒಂದೇ.

ಕೇಳುವವರ ಕಿವಿಯೂ ಇದಕ್ಕೆ ಪಳಗಿದೆ. ಹರಿಯುವ ಮಾತಿನಲ್ಲಿ ಪದಗಳ ನಡುವೆ ತೆರಪಿರುವುದಿಲ್ಲ. ಪೂರ್ಣಸ್ವರದ ಅಕ್ಷರ ಕೇಳಿದಲ್ಲಿ ಹೊಸ ಪದ ತೊಡಗಿತೆಂದು ಇಂಗ್ಲಿಷ್ ಕಿವಿ ಊಹಿಸುತ್ತದೆ. ಆನ್ ಕಟ್ಲರ್ ಮತ್ತು ಡೆನಿಸ್ ನಾರಿಸ್ ಎಂಬ ವಿದ್ವಾಂಸರು 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅರ್ಥವಿಲ್ಲದ ಶಬ್ದಗಳೊಳಗೆ ‘ಮಿಂಟ್’ನಂಥ ಪದಗಳನ್ನು ಅಡಗಿಸಿ ಕೇಳಿಸಿದರು. ಮುಂದಿನ ಸ್ವರ ಕುಗ್ಗಿದ್ದಾಗ ಪದ ಬೇಗ ಸಿಕ್ಕಿತು, ಪೂರ್ಣವಾಗಿದ್ದಾಗ ತಡವಾಯಿತು. ಟಕಾರವನ್ನು ಕಿವಿ ಆಗಲೇ ಮುಂದಿನ ಪದಕ್ಕೆ ಸೇರಿಸಹೊರಟಿತ್ತು. ಎಲ್ಲ ಅಕ್ಷರಗಳನ್ನೂ ಸಮನಾಗಿ ನುಡಿದರೆ ಅಂಥ ಕಿವಿ ದಾರಿ ತಪ್ಪುವುದು ಸಹಜ.

ಉಚ್ಚಾರಣೆಯ ಈ ಸೂಕ್ಷ್ಮ ನಮ್ಮ ಪ್ರಾಚೀನರಿಗೆ ಅಪರಿಚಿತವಲ್ಲ. ವೇದದ ಸ್ವರ ಒತ್ತಲ್ಲ, ನಾದದ ಏರಿಳಿತ, ನಿಜ. ಆದರೂ ‘ಇಂದ್ರಶತ್ರು’ ಎಂಬಲ್ಲಿ ಉದಾತ್ತದ ಸ್ಥಾನ ತಪ್ಪಿ, ಇಂದ್ರನನ್ನು ಕೊಲ್ಲಬೇಕಾದ ವೃತ್ರನು ಇಂದ್ರನಿಂದಲೇ ಹತನಾದನೆಂಬ ಕತೆಯನ್ನು ವೈಯಾಕರಣರು ಎಚ್ಚರಿಕೆಗಾಗಿ ಹೇಳುತ್ತ ಬಂದಿದ್ದಾರೆ.

ನಮ್ಮ ಹುಡುಗ ಇಂಗ್ಲಿಷನ್ನು ಕಣ್ಣಿನಿಂದ ಕಲಿತವನು. ಅವನಿಗೆ ತಿಳಿವಳಿಕೆ ಕಡಿಮೆಯಿರಲಿಲ್ಲ; ಕಾಗುಣಿತವನ್ನು ತಿದ್ದಿದ ಅಧ್ಯಾಪಕರಾದ ನಾವು ಒತ್ತನ್ನು ಕಲಿಸಿರಲಿಲ್ಲ. ಅಂದು ಬಾಡಬೇಕಾಗಿದ್ದುದು ಅವನ ಮುಖವಲ್ಲ.